ಜಿಆರ್‌ಇ ಕ್ವಾಂಟ್: ಪರ್ಸೆಂಟ್ ಜೊತೆ ಅಕ್ಷರ ಸೇರಿದ್ರೆ ಸಮೀಕರಣ ಬರೆಯೋದು ಹೇಗೆ?

ಪೆನ್ಸಿಲ್‌ತುದಿ

ಎಲ್ರಿಗೂ ನಮಸ್ಕಾರ. ವಿದೇಶದಲ್ಲಿ ಮಾಸ್ಟರ್ಸ್ ಸೇರೋಕೆ ಬರೆಯೋ ಜಿಆರ್‌ಇ ಪರೀಕ್ಷೆಗೆ ಓದ್ತಾ ಇದೀನಿ. ಕ್ವಾಂಟ್‌ನಲ್ಲಿ, ಅಂದ್ರೆ ಅದರ ಗಣಿತದ ಭಾಗದಲ್ಲಿ, ಬೇರೆ ಟಾಪಿಕ್ ಎಲ್ಲಾ ಒಂದು ಹದಕ್ಕೆ ಬಂದಿದೆ, ಆದ್ರೆ ಪರ್ಸೆಂಟ್ ಜೊತೆ ಆಲ್ಜೀಬ್ರಾ ಸೇರಿಕೊಂಡ್ರೆ ಮಾತ್ರ ಕೈ ಓಡಲ್ಲ. ಸಂಖ್ಯೆ ಕೊಟ್ಟು ಇದರ 15% ಎಷ್ಟು ಅಂದ್ರೆ ಥಟ್ ಅಂತ ಮಾಡ್ತೀನಿ. ಸಂಖ್ಯೆ ಇರಬೇಕಾದ ಜಾಗದಲ್ಲಿ ಪಿ, ಕ್ಯೂ ಅಂತ ಅಕ್ಷರ ಇಟ್ಟು ಎರಡು ಸಾಲು ಕಥೆ ಹೇಳಿಬಿಟ್ರೆ ಎಲ್ಲಿಂದ ಶುರು ಮಾಡೋದು ಅಂತಾನೇ ತೋಚಲ್ಲ. ಸಮೀಕರಣ ಬರೆದುಕೊಟ್ರೆ ಬಿಡಿಸೋಕೆ ಬರತ್ತೆ, ವಾಕ್ಯದಿಂದ ಸಮೀಕರಣಕ್ಕೆ ಬರೋ ಆ ಒಂದು ಹೆಜ್ಜೆಲೇ ತೊಂದರೆ.

ಎರಡು ಪ್ರಶ್ನೆ ಹಾಕ್ತೀನಿ, ಈ ಥರದ್ದರಲ್ಲೇ ಸಿಕ್ಕಿಹಾಕಿಕೊಳ್ಳೋದು.

ಮೊದಲನೇದು: ಒಂದು ವಸ್ತುವಿನ ಬೆಲೆ ಪಿ% ಏರಿತು. ಆಮೇಲೆ ಆ ಹೊಸ ಬೆಲೆ ಕ್ಯೂ% ಇಳಿದು ಮತ್ತೆ ಮೊದಲಿನ ಬೆಲೆಗೇ ಬಂತು. ಪಿ ಲೆಕ್ಕದಲ್ಲಿ ಕ್ಯೂ ಎಷ್ಟು? ಆಪ್ಷನ್‌ಗಳು: ಪಿ, ಪಿ/(100+ಪಿ), 100ಪಿ/(100+ಪಿ), 100ಪಿ/(100−ಪಿ), ಪಿ²/100.

ಎರಡನೇದು: ಒಂದು ಗುಂಪಿನಲ್ಲಿ 60% ಹೆಂಗಸರು. ಹೊಸದಾಗಿ 40 ಜನ ಗಂಡಸರು ಸೇರಿದ ಮೇಲೆ ಹೆಂಗಸರ ಪಾಲು 50% ಆಯ್ತು. ಮೊದಲು ಗುಂಪಿನಲ್ಲಿ ಒಟ್ಟು ಎಷ್ಟು ಜನ ಇದ್ರು?

ಈಗಿನ ಪರೀಕ್ಷೇಲಿ ಕ್ವಾಂಟ್‌ನ ಮೊದಲ ಸೆಕ್ಷನ್‌ಗೆ 12 ಪ್ರಶ್ನೆ, 21 ನಿಮಿಷ, ಅಂದ್ರೆ ಒಂದಕ್ಕೆ ಒಂದೂ ಮುಕ್ಕಾಲು ನಿಮಿಷ. ಅಷ್ಟರಲ್ಲಿ ಮುಗಿಸೋ ಥರ ಯೋಚನೆ ಮಾಡೋದು ಹೇಗೆ ಅಂತ ಯಾರಾದ್ರೂ ಬಿಡಿಸಿ ಹೇಳಿ. ಬರೀ ಫಾರ್ಮುಲಾ ಬೇಡ, ಅದು ಆ ಕ್ಷಣಕ್ಕೆ ನೆನಪಿಗೇ ಬರಲ್ಲ.

---

ಗುಣಕ

ನೀವು ತೊಂದರೆ ಎಲ್ಲಿದೆ ಅಂತ ಸರಿಯಾಗೇ ಗುರುತಿಸಿದೀರಿ, ಹಂಗಾಗಿ ಅರ್ಧ ಕೆಲಸ ಆಗಿದೆ. ಪ್ರಶ್ನೇಲಿ % ಗುರುತು ಕಂಡಾಗಲೆಲ್ಲ ಪೆನ್ನು ಇಡೋಕೆ ಮುಂಚೆ ಒಂದೇ ಒಂದು ಮಾತು ಕೇಳಿಕೊಳ್ಳಿ: ಯಾವುದರ ಪರ್ಸೆಂಟ್? ಅದೇ ಬೇಸ್. ಪರ್ಸೆಂಟ್ ಪ್ರಶ್ನೆಗಳಲ್ಲಿ ಉತ್ತರ ತಪ್ಪೋದು ಹೆಚ್ಚಾಗಿ ಗುಣಾಕಾರ ತಪ್ಪಿ ಅಲ್ಲ, ಬೇಸ್ ಬದಲಾಗಿದ್ದನ್ನ ನೋಡದೆ ಮುಂದೆ ಹೋಗಿ. ಪ್ರಶ್ನೆ ಇಂಗ್ಲಿಷ್‌ನಲ್ಲಿರತ್ತಲ್ಲ, ಅಲ್ಲಿ 'ಆಫ್' ಅಥವಾ 'ದ್ಯಾನ್' ಆದಮೇಲೆ ಏನು ಬರತ್ತೋ ಅದಕ್ಕೆ ಮನಸ್ಸಲ್ಲೇ ಒಂದು ಗೆರೆ ಎಳೀರಿ, ಬೇಸ್ ಸಾಮಾನ್ಯವಾಗಿ ಅಲ್ಲೇ ಕೂತಿರತ್ತೆ.

ಬೇಸ್ ಸಿಕ್ಕಿದ ಮೇಲೆ ಏರಿಕೆ ಇಳಿಕೆ ಎರಡನ್ನೂ ಗುಣಾಕಾರ ಮಾಡಿಬಿಡಿ. 20% ಏರಿತು ಅಂದ್ರೆ ಬೇಸ್ ಇಂಟು 1.2, 15% ಇಳಿತು ಅಂದ್ರೆ ಇಂಟು 0.85, ಪಿ% ಏರಿತು ಅಂದ್ರೆ ಇಂಟು (100+ಪಿ)/100. ಮೊದಲು 20% ಎಷ್ಟು ಅಂತ ಕಂಡುಹಿಡಿದು ಆಮೇಲೆ ಕೂಡಿಸ್ತಾ ಕೂತ್ರೆ ಸಂಖ್ಯೆ ಇರೋವರೆಗೆ ನಡೆಯತ್ತೆ, ಅಕ್ಷರ ಬಂದ ಕೂಡಲೇ ಸಾಲುಗಳು ಉದ್ದ ಆಗಿ ಗೋಜಲು. ಹಿಂಗೆ ಇಂಟು ಮಾಡೋ ಸಂಖ್ಯೆ, ಅಂದ್ರೆ ಗುಣಕ, ಬರೆದ್ರೆ ಕಥೇಲಿ ಎಷ್ಟು ಘಟನೆ ಇದಾವೋ ಅಷ್ಟು ಗುಣಕ, ಒಂದರ ಪಕ್ಕ ಒಂದು, ಮುಗೀತು.

ನಿಮ್ಮ ಮೊದಲನೇ ಪ್ರಶ್ನೆ ಹಿಂಗೆ ಆಗತ್ತೆ. ಮೊದಲ ಬೆಲೆ ಏನಾದ್ರೂ ಇರಲಿ, ಏರಿ ಇಳಿದು ಅಲ್ಲಿಗೇ ಬಂದಿದೆ, ಅಂದ್ರೆ ಎರಡು ಗುಣಕದ ಗುಣಲಬ್ಧ 1.

(100+ಪಿ)/100 × (100−ಕ್ಯೂ)/100 = 1

ಇಲ್ಲಿಂದ 100−ಕ್ಯೂ = 10000/(100+ಪಿ), ಅದನ್ನ ಆ ಕಡೆ ಈ ಕಡೆ ಮಾಡಿದ್ರೆ ಕ್ಯೂ = 100ಪಿ/(100+ಪಿ). ಮೂರನೇ ಆಪ್ಷನ್.

ಆದ್ರೆ ಇಷ್ಟೂ ಬರೀಬೇಕಾಗಿಲ್ಲ ಅನ್ನೋದೇ ಈ ಪ್ರಶ್ನೆಯ ಚಂದ. ಮೊದಲ ಬೆಲೆ 100 ಅಂದ್ಕೊಳ್ಳಿ. ಏರಿದ್ದು ಪಿ. ಈಗ ಬೆಲೆ 100+ಪಿ. ವಾಪಸ್ 100ಕ್ಕೆ ಬರಬೇಕಂದ್ರೆ ಇಳಿಯಬೇಕಾದ್ದೂ ಅದೇ ಪಿ, ಒಂದು ಪೈಸೆ ಹೆಚ್ಚಿಲ್ಲ ಕಡಿಮೆ ಇಲ್ಲ. ಬದಲಾಗಿದ್ದು ಬೇಸ್ ಒಂದೇ, ಮೊದಲು 100 ಇತ್ತು ಈಗ 100+ಪಿ. ಹಾಗಾಗಿ ಇಳಿಕೆ ಪರ್ಸೆಂಟ್‌ನಲ್ಲಿ ಪಿ ಭಾಗಿಸು (100+ಪಿ), ಇಂಟು 100. ಇದು ಕಂಡ್ರೆ ಅರ್ಧ ನಿಮಿಷದ ಕೆಲಸ. ಬೆಲೆ 25% ಏರಿದೆ, ಖರ್ಚು ಮೊದಲಿನಷ್ಟೇ ಇರಬೇಕಾದ್ರೆ ಬಳಕೆ ಎಷ್ಟು % ಇಳಿಸಬೇಕು ಅಂತ ಕೇಳ್ತಾರಲ್ಲ, ಅದೂ ಇದೇ ಪ್ರಶ್ನೆ, ವೇಷ ಬೇರೆ. ಉತ್ತರ 20%. ಹಂಗೇ 'ಎ ಅನ್ನೋದು ಬಿಗಿಂತ 20% ಕಡಿಮೆ, ಹಾಗಾದ್ರೆ ಬಿ ಅನ್ನೋದು ಎಗಿಂತ ಎಷ್ಟು % ಹೆಚ್ಚು' ಅಂದ್ರೆ 25%, ಯಾಕಂದ್ರೆ ಈ ಸಲ ಬೇಸ್ ಎ, ಅದು ಚಿಕ್ಕದು.

---

ರಫ್‌ಶೀಟ್

ಗುಣಕ ಅವರು ಹೇಳಿದ್ದು ಸರಿ, ಆದ್ರೆ ಪರೀಕ್ಷೆ ಹಾಲ್‌ನಲ್ಲಿ ಟೆನ್ಷನ್‌ನಲ್ಲಿ ಕೂತಾಗ ಆ ಒಳನೋಟ ಹೊಳೆಯದೇ ಹೋದ್ರೆ? ಆಪ್ಷನ್‌ಗಳಲ್ಲೇ ಅಕ್ಷರ ಇದೆ ಅಂದ್ರೆ ನಾನಂತೂ ಸಂಖ್ಯೆ ಹಾಕಿ ನೋಡ್ತೀನಿ. ಪಿ = 25 ಇಟ್ಕೊಳ್ಳಿ. 100 ಇದ್ದಿದ್ದು 125 ಆಯ್ತು, 125ರಿಂದ 100ಕ್ಕೆ ಇಳಿಯೋಕೆ 25 ಕಳೀಬೇಕು, 25/125 ಅಂದ್ರೆ ಐದರಲ್ಲಿ ಒಂದು ಭಾಗ, 20%. ಗುರಿ 20. ಈಗ ಪ್ರತಿ ಆಪ್ಷನ್‌ಗೂ 25 ಹಾಕಿ: ಮೊದಲನೇದು 25, ಎರಡನೇದು 0.2, ಮೂರನೇದು 20, ನಾಲ್ಕನೇದು 33.33, ಐದನೇದು 6.25. ಮೂರನೇದೇ.

ಆ ಎರಡನೇ ಆಪ್ಷನ್‌ನ ಸ್ವಲ್ಪ ನಿಂತು ನೋಡಿ, ಅದನ್ನ ಬೇಕಂತಲೇ ಇಟ್ಟಿರೋದು. 0.2 ಅಂದ್ರೂ 20% ಅಂದ್ರೂ ಒಂದೇ ಅಲ್ವಾ ಅಂತ ಅನ್ಸತ್ತೆ, ಆದ್ರೆ ಪ್ರಶ್ನೇಲಿ 'ಕ್ಯೂ%' ಅಂತ ಆಗಲೇ % ಗುರುತು ಹಾಕಿದಾರೆ, ಹಂಗಾಗಿ ಕ್ಯೂ ಅಂದ್ರೆ 20 ಅನ್ನೋ ಸಂಖ್ಯೆ, 0.2 ಅಲ್ಲ. ಕ್ಯೂ = 0.2 ಅಂದ್ರೆ ಅದು ಒಂದು ಪರ್ಸೆಂಟ್‌ನ ಐದನೇ ಒಂದು ಭಾಗ ಆಗೋಗತ್ತೆ. ಬಾಕ್ಸ್‌ನಲ್ಲಿ ಉತ್ತರ ಟೈಪ್ ಮಾಡೋ ಪ್ರಶ್ನೆಗಳಲ್ಲೂ ಇದೇ ಎಚ್ಚರ ಬೇಕು, ಬಾಕ್ಸ್ ಪಕ್ಕ % ಇದ್ರೆ 20 ಹಾಕಿ.

ಇನ್ನು ಯಾವ ಸಂಖ್ಯೆ ಹಾಕ್ಬೇಕು ಅನ್ನೋದು. 100 ಹಾಕಿ 100 ಹಾಕಿ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಎಲ್ಲಿಗೆ ಹಾಕೋದು ಅಂತ ಹೇಳಲ್ಲ. 100 ಹಾಕಬೇಕಾದ್ದು ಬೇಸ್‌ಗೆ. ಪರ್ಸೆಂಟ್ ಆಗಿರೋ ಅಕ್ಷರಕ್ಕೆ 100 ಹಾಕಿದ್ರೆ ಆಪ್ಷನ್‌ಗಳು ಒಂದರ ಮೇಲೊಂದು ಬಿದ್ದು ಬೇರ್ಪಡಿಸೋಕೆ ಆಗಲ್ಲ. ಉದಾಹರಣೆಗೆ: ಎ ಅನ್ನೋದು ಬಿಯ ಪಿ%, ಬಿ ಅನ್ನೋದು ಸಿಯ ಕ್ಯೂ%, ಹಾಗಾದ್ರೆ ಎ ಅನ್ನೋದು ಸಿಯ ಎಷ್ಟು %? ಪಿ = 100 ಹಾಕಿದ್ರೆ ಎ ಮತ್ತು ಬಿ ಒಂದೇ ಆಗತ್ತೆ, ಉತ್ತರ ಕ್ಯೂ ಅಂತ ಬರತ್ತೆ, ಆಗ 'ಕ್ಯೂ' ಅನ್ನೋ ಆಪ್ಷನ್ನೂ 'ಪಿಕ್ಯೂ/100' ಅನ್ನೋ ಆಪ್ಷನ್ನೂ ಎರಡೂ ಸರಿ ಹೊಂದತ್ತೆ. ಅದರ ಬದಲು ಸಿ = 100, ಕ್ಯೂ = 20, ಪಿ = 50 ಹಾಕಿ. ಬಿ = 20, ಎ = 10, ಅಂದ್ರೆ 10%. ಪಿಕ್ಯೂ/100 = 1000/100 = 10. ಸರಿಹೋಯ್ತು. ಎರಡು ಅಕ್ಷರಕ್ಕೂ ಒಂದೇ ಸಂಖ್ಯೆ ಹಾಕೋದೂ ಬೇಡ.

---

ಮೂರನೇಬೆಂಚ್

ಸಂಖ್ಯೆ ಹಾಕೋ ದಾರಿ ಒಳ್ಳೇದೇ, ಆದ್ರೆ ಅದನ್ನೇ ನಂಬಿಕೊಂಡು ಕೂರಬೇಡಿ ಅಂತ ಹೇಳ್ತೀನಿ. ಜಿಆರ್‌ಇನಲ್ಲಿ ಉತ್ತರ ಟೈಪ್ ಮಾಡೋ ಪ್ರಶ್ನೆಗಳಿಗೆ ಆಪ್ಷನ್ನೇ ಇರಲ್ಲ, ಅಲ್ಲಿ ಸಮೀಕರಣ ಬರೆಯೋಕೆ ಬರಲೇಬೇಕು. ಎರಡು ಕ್ವಾಂಟಿಟಿ ಹೋಲಿಸೋ ಪ್ರಶ್ನೆಗಳಲ್ಲಿ ಒಂದು ಸಂಖ್ಯೆ ಹಾಕಿ 'ಎ ದೊಡ್ಡದು' ಅಂತ ಬಂದ್ರೆ ಅದು ಯಾವಾಗಲೂ ನಿಜಾನಾ ಅನ್ನೋದು ಗೊತ್ತಾಗಲ್ಲ, ಇನ್ನೊಂದು ಸಂಖ್ಯೆಗೆ ಉಲ್ಟಾ ಆಗಬಹುದು. ಕ್ಯೂ = 100ಪಿ/(100+ಪಿ) ಅನ್ನೋ ರೂಪ ಕಣ್ಣಿಗೆ ಕಂಡಿದ್ರೆ, ಪಿ ಸೊನ್ನೆಗಿಂತ ಜಾಸ್ತಿ ಇರೋವರೆಗೂ ಕ್ಯೂ ಅನ್ನೋದು ಪಿಗಿಂತ ಚಿಕ್ಕದೇ ಅಂತ ಒಂದು ಸಂಖ್ಯೇನೂ ಹಾಕದೆ ಹೇಳಬಹುದು.

ಇನ್ನೊಂದು ವಿಷಯ, ಯಾರೂ ಎತ್ತಿಲ್ಲ ಅಂತ ಹೇಳ್ತಿದೀನಿ. 'ಬಿಯ 150%' ಅಂದ್ರೆ 1.5 ಬಿ. 'ಬಿಗಿಂತ 150% ಹೆಚ್ಚು' ಅಂದ್ರೆ 2.5 ಬಿ. ಎರಡೂ ಓದುವಾಗ ಒಂದೇ ಥರ ಕೇಳಿಸತ್ತೆ, ಅದರಲ್ಲೂ 100 ದಾಟಿದ ಪರ್ಸೆಂಟ್ ಬಂದಾಗ. ಗ್ರಾಫ್ ಕೊಟ್ಟು ಕೇಳೋ ಪ್ರಶ್ನೆಗಳಲ್ಲಿ ಇದಕ್ಕೆ ತಮ್ಮನ ಹಾಗೆ ಇನ್ನೊಂದಿದೆ: ಪಾಲು 40%ನಿಂದ 50%ಗೆ ಏರಿದ್ರೆ ಅದು 10 ಪರ್ಸೆಂಟೇಜ್ ಪಾಯಿಂಟ್ ಏರಿಕೆ, ಆದ್ರೆ ಪರ್ಸೆಂಟ್ ಏರಿಕೆ ಕೇಳಿದ್ರೆ 10/40, ಅಂದ್ರೆ 25%. ಎರಡೂ ಉತ್ತರ ಆಪ್ಷನ್‌ನಲ್ಲಿ ಪಕ್ಕಪಕ್ಕ ಕೂತಿರೋ ಸಾಧ್ಯತೆ ಇದ್ದೇ ಇರತ್ತೆ.

---

ಪೆನ್ಸಿಲ್‌ತುದಿ

ತುಂಬಾ ಥ್ಯಾಂಕ್ಸ್ ಎಲ್ರಿಗೂ, 'ಇಳಿಯಬೇಕಾದ್ದೂ ಅದೇ ಪಿ' ಅನ್ನೋ ಮಾತು ಓದಿದಾಗ ನಿಜವಾಗ್ಲೂ ಕಣ್ಣು ತೆರೀತು. ಎರಡನೇದಕ್ಕೂ ಯಾರಾದ್ರೂ ಹೇಳಿ. ಹೆಂಗಸರಿಗೊಂದು ಅಕ್ಷರ, ಗಂಡಸರಿಗೊಂದು ಅಕ್ಷರ ಇಟ್ಟು ಎರಡು ಸಮೀಕರಣ ಬರೆದ್ರೆ ಉತ್ತರ ಬರತ್ತೆ, ಆದ್ರೆ ತುಂಬಾ ಹೊತ್ತು ಹಿಡಿಯತ್ತೆ.

---

ಎಣಿಕೆಕೋಣೆ

ಈ ಥರದ ಪ್ರಶ್ನೆಗಳಲ್ಲಿ ಹುಡುಕಬೇಕಾದ್ದು ಏನು ಬದಲಾಯ್ತು ಅಂತ ಅಲ್ಲ, ಏನು ಬದಲಾಗಲಿಲ್ಲ ಅಂತ. ಗಂಡಸರು ಬಂದ್ರು, ಒಟ್ಟು ಸಂಖ್ಯೆ ಏರಿತು, ಪರ್ಸೆಂಟ್ ಬದಲಾಯ್ತು, ಆದ್ರೆ ಹೆಂಗಸರು ಮೊದಲು ಎಷ್ಟಿದ್ರೋ ಆಮೇಲೂ ಅಷ್ಟೇ ಜನ. ಅವರ ಸಂಖ್ಯೇನ ಎರಡು ಸಲ ಬರೀರಿ, ಒಂದ್ಸಲ ಹಳೇ ಬೇಸ್ ಮೇಲೆ, ಇನ್ನೊಂದ್ಸಲ ಹೊಸ ಬೇಸ್ ಮೇಲೆ, ನಡುವೆ ಸಮ ಚಿಹ್ನೆ ಹಾಕಿ. ಮೊದಲಿನ ಒಟ್ಟು ಟಿ ಆದ್ರೆ:

0.6 ಟಿ = 0.5 (ಟಿ + 40)

0.1 ಟಿ = 20, ಟಿ = 200. ಒಂದೇ ಅಕ್ಷರ, ಎರಡು ಸಾಲು. ತಾಳೆ ನೋಡಿ: 120 ಹೆಂಗಸರು, 80 ಗಂಡಸರು, 40 ಸೇರಿದ್ರೆ 120, ಸಮ ಸಮ.

ಮಿಕ್ಸ್ಚರ್ ಪ್ರಶ್ನೆಗಳೆಲ್ಲ ಇದೇ ಜಾತಿ. 40 ಲೀಟರ್ ದ್ರಾವಣದಲ್ಲಿ 15% ಆಸಿಡ್ ಇದೆ, ನೀರು ಮಾತ್ರ ಆವಿಯಾಗಿ ಆಸಿಡ್ 20% ಆಗಬೇಕು, ಎಷ್ಟು ನೀರು ಹೋಗಬೇಕು? ಬದಲಾಗದ್ದು ಆಸಿಡ್, ಅದು 40ರ 15%, ಅಂದ್ರೆ 6 ಲೀಟರ್. ಈ 6 ಲೀಟರ್ ಹೊಸ ಒಟ್ಟಿನ 20% ಆಗಬೇಕಂದ್ರೆ ಒಟ್ಟು 30. ಹೋಗಬೇಕಾದ್ದು 10 ಲೀಟರ್. ನೀರಿನ 85%, 80% ಅಂತ ಹಿಂದೆ ಬಿದ್ದಿದ್ರೆ ಸುಮ್ನೆ ಸುತ್ತಾಟ.

ಇದರಲ್ಲೇ ಒಂದು ಹಳೇ ಲೆಕ್ಕ ಇದೆ, ನಂಗೆ ಬಹಳ ಇಷ್ಟ, ನಿಧಾನಕ್ಕೆ ಯೋಚಿಸಿ ನೋಡಿ. 100 ಕೆಜಿ ತೂಕದ ಒದ್ದೆ ವಸ್ತು, ಅದರಲ್ಲಿ ತೂಕದ ಲೆಕ್ಕದಲ್ಲಿ 99% ನೀರು. ಬಿಸಿಲಿಗೆ ಒಣಗಿ ನೀರಿನ ಪಾಲು 98% ಆಯ್ತು. ಈಗ ತೂಕ ಎಷ್ಟು? ಒಂದೇ ಪರ್ಸೆಂಟ್ ತಾನೇ ಇಳಿದಿದ್ದು, 99 ಕೆಜಿ ಇರಬಹುದು ಅಂತ ಮನಸ್ಸು ಹೇಳತ್ತೆ. ಆದ್ರೆ ಬದಲಾಗದ್ದು ಒಣ ಭಾಗ, ಅದು 1 ಕೆಜಿ. ಮೊದಲು ಅದು ಒಟ್ಟಿನ 1% ಇತ್ತು, ಈಗ 2%. ಅದೇ 1 ಕೆಜಿ 2% ಆಗಬೇಕಂದ್ರೆ ಒಟ್ಟು 50 ಕೆಜಿಗೆ ಇಳಿದಿರಬೇಕು. ಅರ್ಧ ತೂಕ ಹೋಗಿದೆ! ಇದು ಒಂದು ಸಲ ಒಳಗೆ ಇಳಿದ್ರೆ 'ಬದಲಾಗದ್ದನ್ನ ಹಿಡಿ' ಅನ್ನೋದು ಯಾವತ್ತೂ ಮರೆಯಲ್ಲ.

---

ಪೆನ್ಸಿಲ್‌ತುದಿ

ಆ 50 ಕೆಜಿನ ಎರಡು ಸಲ ಓದಿ ಪೇಪರ್ ಮೇಲೆ ಮಾಡಿ ನೋಡಿದೆ, 50ರಲ್ಲಿ 49 ನೀರು, 49/50 ಅಂದ್ರೆ 98%, ಸರಿಯಾಗೇ ಇದೆ, ಅಬ್ಬಾ.

ಈಗ ಇನ್ನೊಂದನ್ನ ನಾನೇ ಮಾಡಿದೀನಿ, ದಾರಿ ಸರಿ ಇದೆಯಾ ನೋಡಿ. ಒಂದು ಸಂಖ್ಯೇನ ಎಕ್ಸ್% ಹೆಚ್ಚಿಸಿ, ಬಂದಿದ್ದನ್ನ ಅದೇ ಎಕ್ಸ್% ಕಡಿಮೆ ಮಾಡಿದ್ರೆ ಮೂಲಕ್ಕಿಂತ 4% ಕಡಿಮೆ ಆಗತ್ತೆ, ಎಕ್ಸ್ ಎಷ್ಟು? ಎರಡು ಗುಣಕ ಪಕ್ಕಪಕ್ಕ ಇಟ್ಟೆ:

(1 + ಎಕ್ಸ್/100)(1 − ಎಕ್ಸ್/100) = 0.96

ಎಡಗಡೆ 1 − ಎಕ್ಸ್²/10000 ಆಗತ್ತೆ, ಹಾಗಾಗಿ ಎಕ್ಸ್² = 400, ಎಕ್ಸ್ = 20. ತಾಳೆ: 100, 120, ಅದರಲ್ಲಿ 24 ಹೋದ್ರೆ 96.

ಇದರ ಜೊತೆಗೆ ಇನ್ನೊಂದು ಪ್ರಶ್ನೆ ಇದೆ, ಇದು ಮಾತ್ರ ಯಾವ ಕಡೆಯಿಂದ ಹಿಡೀಬೇಕೋ ಗೊತ್ತಾಗ್ತಿಲ್ಲ: ಒಂದು ಪರೀಕ್ಷೇಲಿ ಗಂಡಸರಲ್ಲಿ 30% ಪಾಸ್, ಹೆಂಗಸರಲ್ಲಿ 50% ಪಾಸ್, ಒಟ್ಟಾರೆ 42% ಪಾಸ್. ಪರೀಕ್ಷೆ ಬರೆದವರಲ್ಲಿ ಹೆಂಗಸರು ಎಷ್ಟು %? ಎಷ್ಟು ಜನ ಬರೆದ್ರು ಅಂತಾನೇ ಕೊಟ್ಟಿಲ್ಲ.

---

ಗುಣಕ

ಎಕ್ಸ್ ಪ್ರಶ್ನೆ ಪೂರ್ತಿ ಸರಿ. −20 ಕೂಡ ಸಮೀಕರಣಕ್ಕೆ ಹೊಂದತ್ತೆ, ಆದ್ರೆ 'ಹೆಚ್ಚಿಸಿ' ಅಂತ ಹೇಳಿರೋದ್ರಿಂದ ಬಿಡಬೇಕು. ಮೊದಲು ಇಳಿಸಿ ಆಮೇಲೆ ಏರಿಸಿದ್ರೂ ಇದೇ 96 ಬರತ್ತೆ, ಗುಣಾಕಾರದಲ್ಲಿ ಹಿಂದೆ ಮುಂದೆ ಆದ್ರೆ ವ್ಯತ್ಯಾಸ ಇಲ್ಲ. ಏರಿಕೆ ಇಳಿಕೆ ಒಂದೇ ಪರ್ಸೆಂಟ್ ಇದ್ರೆ ಯಾವಾಗಲೂ ನಷ್ಟವೇ, ಎಕ್ಸ್²/100 ಪರ್ಸೆಂಟ್‌ನಷ್ಟು. 10ಕ್ಕೆ 1%, 20ಕ್ಕೆ 4%, 30ಕ್ಕೆ 9%. ಇದನ್ನ ಬಾಯಿಪಾಠ ಮಾಡಿ ಅಂತಲ್ಲ, ಎರಡು ಮೂರು ಲೆಕ್ಕ ಮಾಡಿದ್ರೆ ತಾನೇ ಕೂತ್ಕೊಳ್ಳತ್ತೆ.

ಹೊಸ ಪ್ರಶ್ನೇನ ಎಣಿಕೆಕೋಣೆ ಅವರಿಗೆ ಬಿಡ್ತೀನಿ.

---

ಎಣಿಕೆಕೋಣೆ

ಎಷ್ಟು ಜನ ಅಂತ ಕೊಟ್ಟಿಲ್ಲ, ಕೇಳಿರೋದೂ ಪರ್ಸೆಂಟೇ, ಅಂದ್ರೆ ಒಟ್ಟು ಸಂಖ್ಯೆ ಏನಿದ್ರೂ ಉತ್ತರ ಒಂದೇ. ಇಂಥ ಕಡೆ ಧೈರ್ಯವಾಗಿ ಒಟ್ಟು 100 ಜನ ಅನ್ಕೊಳ್ಳಿ. ಹೆಂಗಸರು ಎಕ್ಸ್, ಗಂಡಸರು 100−ಎಕ್ಸ್. ಇಲ್ಲಿ ಮೂರು ಪರ್ಸೆಂಟ್ ಇದೆ, ಮೂರಕ್ಕೂ ಬೇಸ್ ಬೇರೆ ಬೇರೆ: 50% ಅನ್ನೋದು ಹೆಂಗಸರ ಮೇಲೆ, 30% ಗಂಡಸರ ಮೇಲೆ, 42% ಎಲ್ಲರ ಮೇಲೆ. ಪರ್ಸೆಂಟ್‌ಗಳನ್ನ ನೇರವಾಗಿ ಕೂಡಿಸೋ ಹಾಗಿಲ್ಲ, ಮೊದಲು ತಲೆ ಎಣಿಕೆಗೆ ತಂದು ಆಮೇಲೆ ಕೂಡಿಸಬೇಕು.

0.5 ಎಕ್ಸ್ + 0.3 (100 − ಎಕ್ಸ್) = 42

0.2 ಎಕ್ಸ್ = 12, ಎಕ್ಸ್ = 60. ಹೆಂಗಸರು 60%. ತಾಳೆ: 60ರಲ್ಲಿ 30 ಪಾಸ್, 40ರಲ್ಲಿ 12 ಪಾಸ್, ಒಟ್ಟು 42.

---

ಮೂರನೇಬೆಂಚ್

ಇದನ್ನ ಸಮೀಕರಣ ಇಲ್ಲದೇನೂ ನೋಡಬಹುದು. ಎಲ್ಲರೂ ಗಂಡಸರೇ ಆಗಿದ್ರೆ ಒಟ್ಟಾರೆ 30%, ಎಲ್ಲರೂ ಹೆಂಗಸರೇ ಆಗಿದ್ರೆ 50%. ನಡುವೆ 20ರ ಅಂತರ. 42 ಅನ್ನೋದು 30ರಿಂದ 12 ಮೇಲಿದೆ, 20ರಲ್ಲಿ 12 ಅಂದ್ರೆ 60%, ಅದೇ ಹೆಂಗಸರ ಪಾಲು. ಇದೇ ಪ್ರಶ್ನೇನ ಹೋಲಿಕೆ ರೂಪದಲ್ಲಿ ಕೊಟ್ಟು ಒಂದು ಕಡೆ ಹೆಂಗಸರ ಸಂಖ್ಯೆ, ಇನ್ನೊಂದು ಕಡೆ ಗಂಡಸರ ಸಂಖ್ಯೆ ಇಟ್ರೆ ಎಕ್ಸ್ ಕಂಡುಹಿಡಿಯೋದೂ ಬೇಕಾಗಿಲ್ಲ. ಇಬ್ಬರೂ ಸಮ ಇದ್ದಿದ್ರೆ ಒಟ್ಟಾರೆ ಸರಿಯಾಗಿ ನಡುವೆ, 40% ಬರಬೇಕಿತ್ತು. 42 ಬಂದಿದೆ, 50ರ ಕಡೆ ವಾಲಿದೆ, ಹಂಗಾಗಿ ಹೆಂಗಸರೇ ಜಾಸ್ತಿ, ಮುಂದಿನ ಪ್ರಶ್ನೆಗೆ ಹೋಗಬಹುದು.